ಬಂಡಿದಾರಿಯಲ್ಲಿ ಎರಡು ಹೆಜ್ಜೆ ಹೆಚ್ಚು

ನಮ್ಮ ಮನೆಯ ಬಾಗಿಲ ಹಿಂದಿನ ಮೂಲೆಯಲ್ಲಿ, ಚಪ್ಪಲಿಗಳ ಪಕ್ಕಕ್ಕೆ, ಎರಡು ಕೋಲುಗಳ ವಾಸ. ಒಂದು ನನ್ನದು, ಬಿದಿರಿನದು, ತುದಿಗೆ ಕಬ್ಬಿಣದ ಮೊನೆ ಕೂಡಿಸಿದ್ದು, ನೌಕರಿಯ ಕಾಲದ ಬೆವರನ್ನೆಲ್ಲ ಕುಡಿದು ಹಿಡಿಯ ಹತ್ತಿರ ಕಪ್ಪಗೆ ಮಿರುಗುವಂಥದು. ಇನ್ನೊಂದು ನನ್ನ ಹೆಂಡತಿ ಕಮಲವ್ವನದು. ಅಲ್ಯೂಮಿನಿಯಂ ಕೋಲು, ಕೆಳಗೆ ನಾಲ್ಕು ಗಿಡ್ಡ ಕಾಲು, ನಾಲ್ಕಕ್ಕೂ ರಬ್ಬರಿನ ಬೂಟು. ನನ್ನ ಕೋಲು ಹೊರಟಿತೆಂದರೆ ಟಕ್ ಟಕ್ ಎಂದು ಓಣಿಗೆಲ್ಲ ಡಂಗುರ ಸಾರುತ್ತದೆ. ಅವಳದು ನೆಲ ಮುಟ್ಟಿದ್ದು ನೆಲಕ್ಕೂ ಗೊತ್ತಾಗುವುದಿಲ್ಲ. ಈಗ ತಿಂಗಳೊಪ್ಪತ್ತಿನಿಂದ ಅವಳ ಕೋಲು ದಿನಾ ಹೊರಗೆ ಹೋಗಿ ಬರುತ್ತಿದೆ, ನನ್ನದು ಮೂಲೆ ಬಿಟ್ಟು ಕದಲಿಲ್ಲ. ನನ್ನ ಕಾಲಿಗೇನೂ ಆಗಿಲ್ಲ, ಕೋಲಿಗೂ ಆಗಿಲ್ಲ. ಮತ್ತೇನಾಯಿತು ಎಂದು ನೀವು ಕೇಳುವ ಮೊದಲೇ ನಾನು ಹೇಳಿಬಿಡುವುದು ಒಳ್ಳೆಯದು; ಬೇರೆಯವರ ಬಾಯಿಂದ ಕೇಳಿದರೆ ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ.

ನಾನು ಮೋಜಣಿ ಇಲಾಖೆಯಲ್ಲಿದ್ದವನು. ನಮ್ಮ ಕಡೆ ಭೂಮಾಪಕ ಎಂದರೆ ಯಾರಿಗೂ ಅರ್ಥವಾಗದು. ಮೋಜಣಿ ಸಾಹೇಬ ಎಂದರೆ ಕಟ್ಟೆಯ ಮೇಲೆ ಕೂತವರು ತಟ್ಟನೆ ಎದ್ದು ನಿಲ್ಲುತ್ತಾರೆ, ಅದೂ ಮರ್ಯಾದೆಗಿಂತ ಹೆಚ್ಚಾಗಿ ಅಂಜಿಕೆಯಿಂದ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಹೀಗೆ ನಾಲ್ಕು ತಾಲೂಕುಗಳಲ್ಲಿ ನನ್ನ ಕಾಲು ತುಳಿಯದ ಬದುವಿಲ್ಲ, ನಾನು ಬಡಿದು ನೋಡದ ಗಡಿಕಲ್ಲಿಲ್ಲ. ಆಡೂರಿನ ಗದ್ದೆಯ ಕೆಸರು, ಹಿರೇಬೆಂಡಿಗೇರಿಯ ಕರಿಮಣ್ಣು, ಸವಣೂರಿನ ಎಲೆಬಳ್ಳಿಯ ತೋಟಗಳ ತಂಪು ಎಲ್ಲವೂ ಈ ಅಂಗಾಲಿಗೆ ಗೊತ್ತು. ನನ್ನ ಒಂದು ಹೆಜ್ಜೆ ಎಷ್ಟು ಉದ್ದ ಎಂಬುದು ನನಗೆ ನನ್ನ ಹೆಸರಿಗಿಂತ ಖಾತ್ರಿ. ನಿವೃತ್ತನಾಗಿ ಇಷ್ಟು ವರ್ಷವಾದರೂ ಮದುವೆಮನೆಗೆ ಹೋದರೆ ಊಟದ ಪಂಕ್ತಿಯ ಉದ್ದ ಅಳೆಯುತ್ತೇನೆ, ಆಸ್ಪತ್ರೆಗೆ ಹೋದರೆ ಪಡಸಾಲೆಯ ಉದ್ದ ಅಳೆಯುತ್ತೇನೆ. ಕಮಲವ್ವನಿಗೆ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದ ಹದಿನೈದು ದಿನವೂ ನಾನು ಮಾಡಿದ್ದು ಅದೊಂದೇ ಕೆಲಸ, ಏಕೆಂದರೆ ಕೂತರೆ ಅಳು ಬರುತ್ತಿತ್ತು.

ದೇವರು ದೊಡ್ಡವನು, ಅವಳು ಎದ್ದಳು. ಎಡಗಾಲು ಮಾತ್ರ ಹಟ ಹಿಡಿಯಿತು. ಎತ್ತಿದರೆ ಏಳದು, ಎಳೆದರೆ ಬಂದೀತು. ದಿನಾ ಅರ್ಧ ತಾಸು ಸಮತಟ್ಟಾದ ನೆಲದ ಮೇಲೆ ನಡೆಸಿರಿ, ಏರು ಬೇಡ, ತಗ್ಗು ಬೇಡ, ಒಂದು ಸಣ್ಣ ಕುಳಿಯೂ ಬೇಡ ಎಂದರು ಡಾಕ್ಟರು. ನಾವಿರುವುದು ಬಂಕಾಪುರದಲ್ಲಿ, ಮಗ ಸೊಸೆಯ ಜೊತೆ. ನಮ್ಮ ಓಣಿಯಲ್ಲಿ ಕುಳಿ ಬಿಟ್ಟರೆ ಬೇರೇನೂ ಇಲ್ಲ, ಹೆದ್ದಾರಿಯ ಕಡೆ ಹೋದರೆ ಲಾರಿಗಳು. ಕೊನೆಗೆ ನೆನಪಾದದ್ದು ಊರ ಹೊರಗಿನ ಬಂಡಿದಾರಿ. ಗರಸು ಹಾಕಿ ಗಟ್ಟಿ ಮಾಡಿದ ಅಗಲವಾದ ದಾರಿ, ಎರಡೂ ಕಡೆ ಗೋವಿನಜೋಳ, ಮೆಣಸಿನಗಿಡ. ತುದಿಯಲ್ಲಿ ಒಂದು ಮುದಿ ಹುಣಸೆಮರ, ಅದರ ಸುತ್ತ ಕಲ್ಲಿನ ಕಟ್ಟೆ. ದಾರಿಯ ಬಲಮಗ್ಗುಲು ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಹಳ್ಳಬಿದ್ದಿದ್ದರೂ ಎಡಮಗ್ಗುಲು ಸಾರಿಸಿದ ಅಂಗಳದ ಹಾಗೆ ಸಮ. ಊರಿನ ಹಳೇ ಕೋಟೆಯ ಕಡೆಯ ನವಿಲುಗಳು ಸಂಜೆ ಆ ಮರಕ್ಕೆ ಬರುತ್ತವೆ. ಮಗ ತನ್ನ ಗಾಡಿಯಲ್ಲಿ ದಾರಿಯ ಬಾಯಿಯವರೆಗೆ ಬಿಟ್ಟು ಹೋಗುತ್ತಾನೆ, ಮುಂದಿನದು ನಮ್ಮ ಪಾಲು.

ಮೊದಲ ದಿನವೇ ಕಮಲವ್ವ ಆ ಮರವನ್ನು ದೂರದಿಂದ ನೋಡಿ, "ಅಲ್ಲೀತನಕಾ ನನ್ನ ಕಾಲ ಮ್ಯಾಲೆ ನಾ ಹೋಗಬೇಕ್ರಿ. ಕಟ್ಟಿ ಮ್ಯಾಲೆ ಕುಂತು ನವಲ ನೋಡಬೇಕು" ಎಂದಳು.

"ಅದೇನ್ ಮಹಾ ದೂರ? ಇಲ್ಲೇ ಐತಲ್ಲ" ಎಂದೆ ನಾನು.

"ನಿಮಗ ಇಲ್ಲೇ ಐತಿ. ನೀವು ನಾಕು ತಾಲೂಕು ಅಳದ್ರಿ. ನಾ ನಾಕು ತಾಲೂಕಿನ್ಯಾಗ ನಾಕು ಅಡಗಿಮನಿ ನೋಡೇನಿ, ಅಷ್ಟ."

ಅವಳು ಸಿಟ್ಟಿನಿಂದ ಹೇಳಲಿಲ್ಲ, ನಕ್ಕೇ ಹೇಳಿದಳು. ನನಗೆ ಮಾತ್ರ ಎದೆಯಲ್ಲಿ ಚುಳ್ ಎಂದಿತು. ಖರೆ ಹೇಳಬೇಕೆಂದರೆ ಪ್ರತಿ ವರ್ಗಾವಣೆಯಲ್ಲೂ ಭಾಂಡೆ ಕಟ್ಟಿದವಳು, ಬಿಚ್ಚಿದವಳು ಅವಳು. ಊರು ನೋಡಿದವನು ನಾನು. ಆ ಹುಣಸೆಮರದವರೆಗೆ ಅವಳನ್ನು ಮುಟ್ಟಿಸದಿದ್ದರೆ ನನ್ನ ನಡೆದಾಟಕ್ಕೆಲ್ಲ ಬೆಂಕಿ ಬೀಳಲಿ ಎಂದು ಅಂದೇ ಮನಸ್ಸಿನಲ್ಲಿ ಅಂದುಕೊಂಡೆ.

ಆದರೆ ಗೆಳೆಯರೇ, ನಡೆಯುವುದು ಬೇರೆ, ಅಡ್ಡಾಡುವುದು ಬೇರೆ. ಕೆಲಸವಿಲ್ಲದೆ ಕಾಲು ಕದಲಿಸುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ಅವಳ ಒಂದು ಹೆಜ್ಜೆಗೆ ನನ್ನ ನಾಲ್ಕು. ಮುಂದೆ ಹೋಗುತ್ತೇನೆ, ನಿಲ್ಲುತ್ತೇನೆ, ಗಡಿಯಾರ ನೋಡುತ್ತೇನೆ, ವಾಪಸು ಬರುತ್ತೇನೆ, ಮತ್ತೆ ಮುಂದೆ. "ಸ್ವಲ್ಪ ನಿಂದರ್ರಿ, ನೀವು ಮುಂದ ಮುಂದ ಓಡಿದ್ರ ನಾ ಯಾರ ಜೋಡಿ ನಡೀಲಿ?" ಎಂದು ಅವಳು ಕೂಗಿದಾಗ ನಿಂತದ್ದು ಕಾಲು ಮಾತ್ರ. ಕೆರೆ, ಗಾಳಿ, ಹಕ್ಕಿ, ಆಕಾಶ ಎಂದು ಮುಪ್ಪಿನ ನಡಿಗೆಯ ಸೊಗಸನ್ನು ಹೊಗಳುವವರ ಮಾತು ಕೇಳಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನ ಕಣ್ಣಿಗೆ ಬೀಳುವುದು ಬದು ಮತ್ತು ಕಲ್ಲು.

ಇನ್ನೊಂದು ಪೀಕಲಾಟ ಹೇಳುತ್ತೇನೆ. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ; ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ. "ದೂರ ಹೊಂಟ್ರಿ?" ಎಂದಷ್ಟೇ ಕೇಳಬೇಕು, ಹೇಳುವವರು ಹೇಳುತ್ತಾರೆ. ದಾರಿಯ ಎಡಗಡೆಯ ಹೊಲದ ಖಾತೂನಬಿ ದಿನಾ ಮೆಣಸಿನಗಿಡದ ನಡುವೆ ಸೊಂಟ ನೆಟ್ಟಗೆ ಮಾಡಿ ನಿಂತು, "ದೂರ ಹೊಂಟ್ರಿ, ಸಾಹೇಬ್ರ?" ಎನ್ನುತ್ತಿದ್ದಳು. "ಇಲ್ಲೇ, ಸುಮ್ನ" ಎನ್ನುತ್ತಿದ್ದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನನ್ನ ಕೋಲನ್ನೇ ನೋಡುತ್ತಿದ್ದಳು. ಮೋಜಣಿಯವನು ಸುಮ್ಮನೆ ಅಡ್ಡಾಡುತ್ತಾನೆ ಎಂದರೆ ಬೆಕ್ಕು ಹಾಲಿನ ಗಡಿಗೆಯನ್ನು ಸುಮ್ಮನೆ ನೋಡಲು ಬಂದಿದೆ ಎಂದಂತೆ, ಯಾರು ನಂಬುತ್ತಾರೆ?

ನಂಬದಿರಲು ಅವಳಿಗೆ ಕಾರಣವೂ ಇತ್ತು. ಅವಳ ಹೊಲದ ಮೂಲೆಯಲ್ಲಿ, ದಾರಿಗೆ ತಾಗಿ, ಒಂದು ಗಡಿಕಲ್ಲಿದೆ. ನಾನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಕಬ್ಬಿಣದ ಮೊನೆಯಿಂದ ಅದರ ನೆತ್ತಿಗೆ ಟಣ್ ಎಂದು ಬಡಿಯುತ್ತಿದ್ದೆ. ಕಮಲವ್ವ ದಾರಿಯ ಬದಿಯ ಚಪ್ಪಡಿಯ ಮೇಲೆ ದಣಿವಾರಿಸಿಕೊಳ್ಳುವಾಗ ಹೊಲದ ಬದುವಿನ ಮೇಲೆ ಆಚೆ ತುದಿಯ ಕಲ್ಲಿನವರೆಗೂ ಹೋಗಿ, ಅಲ್ಲಿಂದ ಇಲ್ಲಿಗೆ ಹೆಜ್ಜೆ ಎಣಿಸುತ್ತ ಬರುತ್ತಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ. ಎಷ್ಟು ಸಲ ಎಣಿಸಿದರೂ ದಾಖಲೆಯ ಅಳತೆಗಿಂತ ಎರಡು ಹೆಜ್ಜೆ ಕಡಿಮೆ ಬೀಳುತ್ತಿತ್ತು, ಮತ್ತೆ ಎಣಿಸುತ್ತಿದ್ದೆ.

"ಆ ಕಲ್ಲಿಗೆ ಯಾಕ ದಿನಾ ಬಡೀತೀರಿ? ಅದೇನ್ ನಿಮಗ ಉತ್ತರಾ ಕೊಡತೈತೇನು?" ಎಂದು ಕಮಲವ್ವ ಕೇಳಿದಳು. ಚಟ ಎಂದೆ.

ಒಂದು ಸಂಜೆ ಹೋಗಿ ನೋಡಿದರೆ ದಾರಿಯೇ ಇಲ್ಲ. ಅಂದರೆ ಇದೆ, ಬಂಡಿ ಹಾಯುವಷ್ಟು ಇದೆ, ಆದರೆ ಸಮವಾಗಿದ್ದ ಎಡಮಗ್ಗುಲೆಲ್ಲ ಖಾತೂನಬಿಯ ಜಾಲಿಮುಳ್ಳಿನ ಬೇಲಿಯೊಳಗೆ ಸೇರಿತ್ತು. ಹೊರಗೆ ಉಳಿದದ್ದು ಟ್ರ್ಯಾಕ್ಟರಿನ ಗಾಲಿ ಕೊರೆದ ತಗ್ಗು ಮಾತ್ರ. ಕಮಲವ್ವ ನಾಲ್ಕು ಕಾಲಿನ ಕೋಲನ್ನು ಅಲ್ಲಿ ಊರಿ ನೋಡಿದಳು. ಎರಡು ಕಾಲು ನೆಲದ ಮೇಲೆ, ಎರಡು ಗಾಳಿಯಲ್ಲಿ. ಅಷ್ಟು ಹೊತ್ತಿಗೆ ಅವಳು ಮರದವರೆಗಿನ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗೆದ್ದಿದ್ದಳು, ಇನ್ನೊಂದು ವಾರ ಸಿಕ್ಕಿದ್ದರೆ ಕಟ್ಟೆ ಮುಟ್ಟುತ್ತಿದ್ದಳು. ತುಟಿ ಕಚ್ಚಿಕೊಂಡು, "ಇರ್ಲಿ ಬಿಡ್ರಿ. ಮನ್ಯಾಗ ಅಡ್ಡಾಡತೇನಿ" ಎಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಸರ್ಕಾರಿ ಬಂಡಿದಾರಿಗೆ ಬೇಲಿಯೇ? ನಾಳೆಯೇ ಶಿಗ್ಗಾಂವಿಯ ಕಚೇರಿಗೆ ಹೋಗಿ ನಕಾಶೆಯ ಪ್ರತಿ ತರುತ್ತೇನೆ, ಅರ್ಜಿ ಕೊಡುತ್ತೇನೆ, ಮೂರು ದಿನದಲ್ಲಿ ಮುಳ್ಳು ಕೀಳಿಸದಿದ್ದರೆ ನನ್ನ ಹೆಸರು ಬೇರೆ ಇಡಿ ಎಂದು ಕೂಗಾಡುತ್ತಲೇ ಕಲ್ಲಿನಿಂದ ಬೇಲಿಯವರೆಗೆ ಹೆಜ್ಜೆ ಹಾಕಿದೆ. ಅಳೆಯದೆ ಬೈಯುವ ಅಭ್ಯಾಸ ನನಗಿಲ್ಲ. ಒಂದು. ಎರಡು. ಬೇಲಿ ನನ್ನ ಮೊಣಕಾಲಿಗೆ ತಾಗಿತು. ಕಲ್ಲಿನಿಂದ ಸರಿಯಾಗಿ ಎರಡು ಹೆಜ್ಜೆ, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ.

"ಯಾಕ? ಮಾತ ನಿಂತ್ವಲ್ಲ?" ಎಂದಳು ಕಮಲವ್ವ.

ಅಲ್ಲೇ ಚಪ್ಪಡಿಯ ಮೇಲೆ ಅವಳ ಪಕ್ಕ ಕುಸಿದು ಕೂತು, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ಆ ಕಲ್ಲು ನೆಡಿಸಿದವನು ನಾನೇ. ನೌಕರಿಯ ನಡುಗಾಲ, ಖಾತೂನಬಿಯ ಗಂಡ ಇಮಾಮಸಾಬ, ಬಂಡಿಗಳು ತನ್ನ ಬದು ತಿನ್ನುತ್ತಿವೆ, ಗಡಿ ಗುರುತು ಮಾಡಿಕೊಡಿ ಎಂದು ತಾನಾಗಿಯೇ ಅರ್ಜಿ ಕೊಟ್ಟು ಕರೆಸಿದ್ದ. ಅಳತೆಯ ಸರಪಳಿಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ಹೊಲದ ನಡುವೆ ಒಂದು ದೊಡ್ಡ ಜಾಲಿಕಂಟಿ ಅಡ್ಡ ಬಂತು. ಕಡಿಸಿ ನೆಟ್ಟಗೆ ಹಿಡಿಯಬೇಕು, ಅದು ಕಾಯ್ದೆ, ಅದು ವಿದ್ಯೆ. ಆದರೆ ಮಳೆಮೋಡ ಕವಿದಿತ್ತು, ಕೊನೆಯ ಬಸ್ಸಿಗೆ ಹೊತ್ತಾಗಿತ್ತು, ನನಗೆ ಎಂದಿನಂತೆ ಕಾಲಲ್ಲಿ ಚಕ್ರ. ಕಂಟಿಯ ಸುತ್ತು ಹಾಕಿ ಸರಪಳಿ ಎಳೆಸಿದೆ. ಸುತ್ತಿ ಬಂದ ಸರಪಳಿ ಮುಟ್ಟಬೇಕಾದಲ್ಲಿ ಮುಟ್ಟೀತೇ? ಎರಡು ಹೆಜ್ಜೆ ಹಿಂದೆಯೇ ತೀರಿತು, ಅಲ್ಲೇ ಕಲ್ಲು ಹೂಳಿಸಿದೆ. ಇಮಾಮಸಾಬ ಕೈಮುಗಿದು, "ಸಾಹೇಬ್ರ, ಇನ್ನೊಮ್ಮೆ ಅಳೀರಿ, ನೆಟ್ಟಗ ಬಂದಿಲ್ಲ" ಎಂದ. "ಸರ್ಕಾರದ ಸರಪಳಿ ಸುಳ್ಳು ಹೇಳೂದಿಲ್ಲ" ಎಂದು ಹೇಳಿ ಬಸ್ಸು ಹಿಡಿದೆ. ಬಸ್ಸು ಸಿಕ್ಕಿತು. ಆಮೇಲೆ ಬಂಡಿಗಳು ಕಲ್ಲಿನವರೆಗೆ ಹರಡಿದವು, ಗರಸೂ ಬಿತ್ತು. ನಾವು ಇಷ್ಟು ದಿನ ಸೊಗಸಾಗಿ ನಡೆದ ಆ ಸಮವಾದ ಎಡಮಗ್ಗುಲು ದಾರಿಯೇ ಅಲ್ಲ, ಖಾತೂನಬಿಯ ಹೊಲ.

ಕಮಲವ್ವ ತನ್ನ ಕೋಲಿನ ರಬ್ಬರಿಗೆ ಮೆತ್ತಿದ ಮಣ್ಣನ್ನು ಕೆರೆದಳು. ಕೊನೆಗೆ, "ಬಸ್ಸು ಹಿಡದು ಬಂದ ದಿನಾ ನಾ ನಿಮಗ ಬಿಸಿ ರೊಟ್ಟಿ ಬಡದು ಹಾಕಿರಬೇಕು. ಉಂಡ್ರೇನು?" ಎಂದಳು.

"ಉಂಡೆ" ಎಂದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆ ವಾರವೆಲ್ಲ ನಾನು ಪಟ್ಟ ಪಾಡು ಹೇಳತೀರದು. ಬೆಳಿಗ್ಗೆ ಶಿಗ್ಗಾಂವಿಯ ಬಸ್ಸಿಗೆಂದು ಹೊರಡುವುದು, ನಿಲ್ದಾಣದಿಂದ ವಾಪಸು ಬರುವುದು. ನಕಾಶೆ ತಂದರೆ ಬೇಲಿ ಕೀಳಿಸಬಹುದು, ಏಕೆಂದರೆ ಕಾಗದದ ಮೇಲೆ ನನ್ನ ಕಲ್ಲೇ ಸತ್ಯ, ಕೆಳಗೆ ನನ್ನದೇ ಸಹಿ. ಕಮಲವ್ವನಿಗೆ ದಾರಿ ಸಿಗುತ್ತದೆ. ಅವಳು ಕಟ್ಟೆಯ ಮೇಲೆ ಕೂತು ನವಿಲು ನೋಡುತ್ತಾಳೆ. ಖರೆ ಹೇಳಿದರೆ ಮುದಿವಯಸ್ಸಿನಲ್ಲಿ ಊರ ಬಾಯಿಗೆ ಬೀಳಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹುಡುಕಿದ ಉಪಾಯಗಳಿಗೆ ಲೆಕ್ಕವಿಲ್ಲ. ಇತ್ತ ಕಮಲವ್ವ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಆ ಪಡಸಾಲೆ ಎಷ್ಟು ಹೆಜ್ಜೆ ಎಂಬುದು ನನಗೆ ಗೊತ್ತು, ಹೇಳಲು ಮನಸ್ಸಿಲ್ಲ. ದಿನದಿಂದ ದಿನಕ್ಕೆ ಅವಳ ಕಾಲು ಮತ್ತೆ ಭಾರವಾಗತೊಡಗಿತು. ಆರನೆಯ ದಿನ ಅವಳು ಗೋಡೆ ಹಿಡಿದು ನಿಂತು, "ಇವತ್ತ ಒಲ್ಲೆ" ಎಂದಳು. ನಾನು ಕೋಲು ಎತ್ತಿಕೊಂಡು ಹೊಲದ ಕಡೆ ಹೊರಟೆ.

ಖಾತೂನಬಿ ಕಾಯಿ ಬಿಡಿಸುತ್ತಿದ್ದಳು. "ದೂರ ಹೊಂಟ್ರಿ?" ಎಂದಳು, ಈ ಸಲ ಸಾಹೇಬ್ರ ಎನ್ನದೆ.

"ಇಲ್ಲ ಖಾತೂನಬಿ, ನಿಮ್ಮ ಹಂತ್ಯಾಕ ಬಂದೇನಿ."

"ಗೊತ್ತೈತ್ರಿ ಯಾಕ ಬಂದೀರಿ ಅಂತ. ದಿನಾ ನನ್ನ ಕಲ್ಲು ಕುಟ್ಟಾಕತ್ತೀರಿ, ಬದಾ ಅಳಿಯಾಕತ್ತೀರಿ. ಮದಲ ಎರಡ ಹೆಜ್ಜಿ ಹೋತು, ಈಗಿನ್ನೂ ಎಷ್ಟ ಒಯ್ತೀರಿ? ಅದಕ್ಕ ನಂದು ಎಲ್ಲಿತನಕಾ ಐತಿ, ಅಲ್ಲಿತನಕಾ ಮುಳ್ಳು ಹಾಕೇನಿ. ಕರೀರಿ ಯಾರನ್ನ ಕರೀತೀರಿ."

"ನಿಮ್ಮ ಬೇಲಿ ಬರೋಬ್ಬರಿ ಐತಿ. ನನ್ನ ಕಲ್ಲು ತಪ್ಪೈತಿ" ಎಂದೆ.

ಅವಳ ಕೈಯಲ್ಲಿನ ಮೆಣಸಿನಕಾಯಿ ಹಾಗೇ ಉಳಿಯಿತು. ಜಾಲಿಕಂಟಿ, ಮೋಡ, ಬಸ್ಸು ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬುಟ್ಟಿ ಕೆಳಗಿಟ್ಟು, "ಯಾ ಅಲ್ಲಾ" ಎಂದು ಬದುವಿನ ಮೇಲೆ ಕೂತಳು. "ನಮ್ಮವ್ರು ಸಾಯೂತನಕಾ ಅದನ್ನ ಹೇಳಿ ಸತ್ರು ಸಾಹೇಬ್ರ. ಮಂದಿ ನಕ್ಕರು. ಸರಪಳಿ ನೀನ ಹಿಡದಿದ್ದಿ, ಈಗ ಅಳತಿ ಸುಳ್ಳು ಅಂತೀಯಲ್ಲೋ ಅಂತ ಊರ ಕಟ್ಟಿ ಮ್ಯಾಲೆ ಕುಂತವ್ರೆಲ್ಲಾ ಆಡಿಕೊಂಡ್ರು. ನಾನೂ ಒಮ್ಮೊಮ್ಮೆ ಅಂದೇನಿ, ನಿಮಗ ಅಳಿಯಾಕ ತಿಳಿಯೂದಿಲ್ಲ, ಸುಮ್ನಿರ್ರಿ ಅಂತ." ಆ ಕೊನೆಯ ಮಾತಿಗೆ ಅವಳ ದನಿ ಒಡೆಯಿತು.

ನೋಡಿ, ಎರಡು ಹೆಜ್ಜೆ ಭೂಮಿ ಹೋದದ್ದಷ್ಟೇ ನನ್ನ ಲೆಕ್ಕದಲ್ಲಿತ್ತು. ಒಬ್ಬ ಮನುಷ್ಯನ ಮಾತಿನ ಬೆಲೆ ಅವನ ಹೆಂಡತಿಯ ಮುಂದೆಯೇ ಹೋದದ್ದು ಯಾವ ನಕಾಶೆಯಲ್ಲಿ ಬರುತ್ತದೆ? ಅಳೆದವನಿಗೆ ಅದು ಒಂದು ಸಂಜೆಯ ಅವಸರ; ಬಾಳಿದವರಿಗೆ ಅದು ಇಡೀ ಸಂಸಾರದ ಜಗಳ. ನಾಲ್ಕು ತಾಲೂಕುಗಳಲ್ಲಿ ಇಂಥ ಇನ್ನೆಷ್ಟು ಸಂಜೆಗಳಿವೆಯೋ.

ಅರ್ಜಿ ಬರೆದುಕೊಡುತ್ತೇನೆ ಎಂದೆ. ತಪ್ಪು ನನ್ನದು, ಮತ್ತೆ ಅಳೆಯಿರಿ ಎಂದು ನನ್ನ ಕೈಯಾರೆ ಬರೆದು ಸಹಿ ಮಾಡುತ್ತೇನೆ ಎಂದೆ. ಅವಳು ಸ್ವಲ್ಪ ಯೋಚಿಸಿ, "ಅಕ್ಕಾರ ಯಾಕ ಬಂದಿಲ್ಲ?" ಎಂದು ಕೇಳಿದಳು.

ಬೇಲಿಯ ಹೊರಗೆ ನಾಲ್ಕು ಕಾಲಿನ ಕೋಲು ನಿಲ್ಲುವುದಿಲ್ಲ ಎಂದು ಹೇಳಿದೆ. ಖಾತೂನಬಿ ಎದ್ದು, ಕುಡುಗೋಲಿನಿಂದ ಬೇಲಿಯ ಈ ತುದಿಯಲ್ಲಿ ಒಂದು ಆಳು ನುಸುಳುವಷ್ಟು ಮುಳ್ಳು ಸರಿಸಿದಳು, ಆ ತುದಿಗೆ ಹೋಗಿ ಅಲ್ಲಿಯೂ ಸರಿಸಿ ಬಂದಳು. "ಅಕ್ಕಾರ ಬರ್ಲಿ, ನನ್ನ ಹೊಲದಾಗ ಹಾದು ನಡೀಲಿ. ನೀವು ಮಾತ್ರ ಮುಳ್ಳಿನ ಆಚೀಕ ನಡೀರಿ. ಆ ಕೋಲು ಮನ್ಯಾಗ ಇಟ್ಟು ಬರ್ರಿ, ಅದರ ಟಣ್ ಟಣ್ ಕೇಳಿದ್ರ ನನಗ ಜೀವ ಹೋದಂಗ ಅಕ್ಕೈತಿ."

"ಆತು" ಎಂದೆ.

"ಇನ್ನೊಂದೈತಿ. ಮತ್ತ ಅಳಿಯಾಕ ಬಂದಾಗ ಮಂದೀನ್ನ ಕರೀತೇನಿ. ನಮ್ಮವ್ರು ಹಿಡದ ತುದೀನ ನೀವ ಹಿಡೀಬೇಕು."

ಅರ್ಜಿ ಕೊಟ್ಟಾಗಿದೆ. ಕಚೇರಿಯವರು ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ತನ್ನ ಸಹಿಯ ಮೇಲೆ ತಾನೇ ತಕರಾರು ಹೂಡಿದವನನ್ನು ಅವರು ಕಂಡಿರಲಿಲ್ಲವೇನೋ. ಈಗ ಅಳೆಯಲು ಯಂತ್ರ ಬಂದಿದೆ, ಸರಪಳಿ ಹಳೆಯದಾಯಿತು ಎಂದರು. ಖಾತೂನಬಿಗೆ ಹೇಳಿದೆ. "ಯಂತ್ರ ಅವರ ಸಮಾಧಾನಕ್ಕ ಇರ್ಲಿ, ಸರಪಳಿ ನನ್ನ ಸಮಾಧಾನಕ್ಕ ತರ್ರಿ" ಎಂದಳು. ನನ್ನ ಹಳೆಯ ಸರಪಳಿಯೊಂದು ಅಟ್ಟದ ಮೇಲಿತ್ತು, ಇಳಿಸಿ ಎಣ್ಣೆ ಹಚ್ಚಿದ್ದೇನೆ. ಕಚೇರಿಯವರು ಅಳೆಯಲು ಬರುವ ದಿನ ಇನ್ನೂ ಗೊತ್ತಾಗಿಲ್ಲ. ಊರ ಕಟ್ಟೆಯ ಮೇಲಿನವರು ಆಗಲೇ ಆಡಿಕೊಳ್ಳಲು ಶುರುಮಾಡಿದ್ದಾರೆ, ನಾನು ಹಾಯುವಾಗ ಮಾತು ನಿಲ್ಲಿಸುತ್ತಾರೆ. ಆಡಿಕೊಳ್ಳಲಿ. ಇಮಾಮಸಾಬನಿಗೆ ಅದು ಸಾಯುವವರೆಗೆ ಇತ್ತು.

ಈಗ ನಾವು ದಿನಾ ಹೀಗೆ ನಡೆಯುತ್ತೇವೆ: ಬೇಲಿಯ ಒಳಗೆ ಸಮನೆಲದ ಮೇಲೆ ಕಮಲವ್ವ, ಹೊರಗೆ ಗಾಲಿ ಕೊರೆದ ತಗ್ಗಿನಲ್ಲಿ ನಾನು, ನಡುವೆ ಮುಳ್ಳು. ಕೋಲಿಲ್ಲದೆ ಆ ತಗ್ಗಿನಲ್ಲಿ ಅವಸರ ಮಾಡಿದರೆ ಮೂತಿ ಒಡೆಯುತ್ತದೆ. ಹಾಗಾಗಿ ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳ ಹೆಜ್ಜೆಗೆ ನನ್ನ ಹೆಜ್ಜೆ ಸರಿಯಾಗಿದೆ. "ಸಾವಕಾಶ ಬರ್ರಿ, ಬಿದ್ದೀರಿ" ಎಂದು ಅವಳೇ ನನಗೆ ಹೇಳುತ್ತಾಳೆ. ಮೊನ್ನೆ ಹುಣಸೆಮರದ ಕಟ್ಟೆ ಮುಟ್ಟಿದೆವು. ಅವಳು ಕೂತಳು, ಎರಡು ಕೈಯಿಂದ ಎಡಗಾಲನ್ನು ಎತ್ತಿ ಕಟ್ಟೆಯ ಮೇಲಿಟ್ಟುಕೊಂಡಳು. ನವಿಲೊಂದು ಖಾತೂನಬಿಯ ಹೊಲದಿಂದ ಹೊರಬಂದು, ಬೇಲಿ ನೋಡಿ, ಹಾರಿ ಈಚೆಗಿಳಿಯಿತು. "ನೋಡ್ರಿ, ಅದಕ್ಕ ಗಡಿ ಗೊತ್ತಿಲ್ಲ" ಎಂದು ನಕ್ಕಳು. ನಾನೂ ನಕ್ಕೆ, ಆದರೆ ಕಣ್ಣು ಆ ಕಲ್ಲಿನ ಕಡೆಗೇ ಹೋಯಿತು.

ಆ ಕಲ್ಲು ಅಲ್ಲಿಂದ ಏಳುವ ತನಕ ನನಗೆ ಸಮಾಧಾನವಿಲ್ಲ. ಮನೆಗೆ ಬಂದು ಕಮಲವ್ವನ ಕೋಲನ್ನು ನನ್ನ ಕೋಲಿನ ಪಕ್ಕಕ್ಕೆ ಒರಗಿಸುವಾಗ ಕೈ ತಾನಾಗಿ ಆ ಬಿದಿರಿನ ಹಿಡಿಯ ಕಡೆ ಹೋಗುತ್ತದೆ, ಹಿಂತೆಗೆದುಕೊಳ್ಳುತ್ತೇನೆ. ಅಳೆಯುವ ದಿನವೂ ಅದು ಅಲ್ಲೇ ಇರಲಿ. ಇಮಾಮಸಾಬ ಹಿಡಿದಿದ್ದ ತುದಿಯನ್ನು ಎಳೆದು ಹಿಡಿಯಲು ಅಂದು ನನಗೆ ಎರಡೂ ಕೈ ಬೇಕು.